ಎಡಿಟರ್‌ ಪ್ಲಗಿನ್‌ಗಳು: ಆಯ್ಕೆಯಲ್ಲಿರಲಿ ಎಚ್ಚರ

ಕೆಲಸ ಒಪ್ಪಿಸಬೇಕಾದ ದಿನ. ಬೆಳಿಗ್ಗೆ ಕಂಪ್ಯೂಟರ್‌ ಮುಂದೆ ಕುಳಿತು ಎಡಿಟರ್‌ ತೆರೆದರೆ ಪರದೆಯ ತುಂಬ ದೋಷಸೂಚನೆಗಳು. ನಿನ್ನೆ ಸಂಜೆಯವರೆಗೆ ಎಲ್ಲವೂ ಸರಿಯಿತ್ತು. ನಡುವೆ ಆದದ್ದು ಇಷ್ಟೇ: ಪ್ಲಗಿನ್‌ಗಳೆಲ್ಲವನ್ನೂ ಒಟ್ಟಿಗೆ ಹೊಸ ಆವೃತ್ತಿಗೆ ಏರಿಸಲಾಗಿತ್ತು. ಯಾವ ಪ್ಲಗಿನ್‌ ಕೈಕೊಟ್ಟಿತು ಎಂದು ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತದೆ. ವಿಮ್‌ ಅಥವಾ ಅದರ ಕವಲಾದ ನಿಯೋವಿಮ್‌ ಬಳಸುವ ಪ್ರೋಗ್ರಾಮರ್‌ಗಳಿಗೆ ಇದು ಅಪರಿಚಿತ ಅನುಭವವೇನಲ್ಲ.

ತಂತ್ರಾಂಶ ಬರೆಯುವವರು ದಿನದ ಬಹುಪಾಲು ಕಳೆಯುವುದು ಟೆಕ್ಸ್ಟ್‌ ಎಡಿಟರ್‌ ಎಂಬ ಸಾಧನದೊಳಗೆ. ಬಿಲ್‌ ಜಾಯ್‌ 1976ರಲ್ಲಿ ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿದ್ದಾಗ ‘ವಿಐ’ ಎಂಬ ಎಡಿಟರ್‌ ರಚಿಸಿದರು. ಅದನ್ನೇ ಮಾದರಿಯಾಗಿಟ್ಟುಕೊಂಡು ನೆದರ್‌ಲೆಂಡ್ಸ್‌ನ ಬ್ರಾಮ್‌ ಮೋಲೆನಾರ್‌ ಅವರು 1991ರಲ್ಲಿ ವಿಮ್‌ ಅನ್ನು ಬಿಡುಗಡೆ ಮಾಡಿದರು. ಉಚಿತವಾಗಿ ದೊರೆಯುವ ಈ ತಂತ್ರಾಂಶ ಮೆಚ್ಚುಗೆಯಾದರೆ ಉಗಾಂಡಾದ ಮಕ್ಕಳ ನೆರವಿಗೆ ದೇಣಿಗೆ ನೀಡಿ ಎಂಬುದಷ್ಟೇ ಅವರ ಕೋರಿಕೆಯಾಗಿತ್ತು. 2014ರಲ್ಲಿ ಥಿಯಾಗೊ ಡಿ ಅರುಡಾ ಅವರು ಇದೇ ವಿಮ್‌ನಿಂದ ನಿಯೋವಿಮ್‌ ಎಂಬ ಕವಲನ್ನು ಆರಂಭಿಸಿದರು.

ಈ ಎಡಿಟರ್‌ಗಳ ಆಕರ್ಷಣೆ ಇರುವುದೇ ಅವುಗಳನ್ನು ಬೇಕಾದಂತೆ ತಿದ್ದಿಕೊಳ್ಳುವ ಸ್ವಾತಂತ್ರ್ಯದಲ್ಲಿ. ಯಾವ ಕೀಲಿಗೆ ಯಾವ ಕೆಲಸ, ಸಾಲಿನ ಅಂಚು ಎಷ್ಟು, ಬಣ್ಣ ಯಾವುದು ಎಂಬುದನ್ನೆಲ್ಲ ಬಳಕೆದಾರ ಒಂದು ಸಂರಚನಾ ಕಡತದಲ್ಲಿ ಬರೆದಿಡಬಹುದು. ಮೂಲ ಎಡಿಟರ್‌ನಲ್ಲಿ ಇಲ್ಲದ ಸೌಲಭ್ಯ ಬೇಕೆಂದರೆ ಯಾರೋ ಬರೆದಿಟ್ಟ ಕಿರು ತಂತ್ರಾಂಶವನ್ನು ಜೋಡಿಸಿಕೊಳ್ಳಬಹುದು. ಇದೇ ಪ್ಲಗಿನ್‌. ತೊಡಕು ಆರಂಭವಾಗುವುದೂ ಇಲ್ಲಿಂದಲೇ.

ಪ್ಲಗಿನ್‌ ಎಂದರೆ ನಂಬಿಕೆ

ಪ್ಲಗಿನ್‌ ಸೇರಿಸಲು ಒಂದೆರಡು ಸಾಲು ಸಾಕು. ಆದರೆ ಹಾಗೆ ಸೇರಿದ ಪ್ಲಗಿನ್‌ ಬಳಕೆದಾರನಿಗೆ ಇರುವ ಎಲ್ಲ ಅಧಿಕಾರಗಳೊಂದಿಗೆ ಓಡುತ್ತದೆ. ಆತ ಓದಬಲ್ಲ ಕಡತಗಳನ್ನೆಲ್ಲ ಅದೂ ಓದಬಲ್ಲದು; ಕಂಪನಿಯ ಸರ್ವರ್‌ಗೆ ಪ್ರವೇಶ ನೀಡುವ ರಹಸ್ಯ ಕೀಲಿಗಳು ಅದೇ ಕಂಪ್ಯೂಟರ್‌ನಲ್ಲಿದ್ದರೆ ಅವುಗಳನ್ನೂ ಸಹ. ಆದ್ದರಿಂದ ಪ್ಲಗಿನ್‌ ಆಯ್ಕೆ ಕೇವಲ ಅಭಿರುಚಿಯ ವಿಷಯವಲ್ಲ, ಭದ್ರತೆಯ ವಿಷಯವೂ ಹೌದು.

ಇನ್ನೊಂದು ಅಪಾಯ ನಿರ್ವಹಣೆಯದು. ಬಹುತೇಕ ಪ್ಲಗಿನ್‌ಗಳನ್ನು ಸಲಹುವವರು ಬಿಡುವಿನ ವೇಳೆಯಲ್ಲಿ ದುಡಿಯುವ ಸ್ವಯಂಸೇವಕರು. 2023ರ ಆಗಸ್ಟ್‌ನಲ್ಲಿ ನಿಯೋವಿಮ್‌ ಬಳಕೆದಾರರಿಗೆ ಇದರ ಬಿಸಿ ತಟ್ಟಿತು. ಪ್ಲಗಿನ್‌ಗಳನ್ನು ಅನುಸ್ಥಾಪಿಸಲು ವ್ಯಾಪಕವಾಗಿ ಬಳಕೆಯಲ್ಲಿದ್ದ ‘ಪ್ಯಾಕರ್‌’ಗೆ ಇನ್ನು ನಿರ್ವಹಣೆ ಇಲ್ಲವೆಂದು ಪ್ರಕಟವಾಯಿತು. ಕೋಡ್‌ ತಪಾಸಣೆಯ ಹೊರ ಸಾಧನಗಳನ್ನು ಎಡಿಟರ್‌ಗೆ ಬೆಸೆಯುತ್ತಿದ್ದ ‘ನಲ್‌-ಎಲ್‌ಎಸ್‌’ ಕೂಡ ಅದೇ ತಿಂಗಳು ನಿಂತಿತು. ಅದರ ಕೋಡ್‌ ಅನ್ನು ಬೇರೆಯವರು ‘ನನ್‌-ಎಲ್‌ಎಸ್‌’ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಪ್ಯಾಕರ್‌ ಬಳಸುತ್ತಿದ್ದ ಅನೇಕರು ‘ಲೇಜಿ’ ಎಂಬ ನಿರ್ವಾಹಕದತ್ತ ಹೊರಳಿದರು. ಹಳೆಯ ಆವೃತ್ತಿಗಳು ತಕ್ಷಣ ಕೆಲಸ ನಿಲ್ಲಿಸಲಿಲ್ಲವಾದರೂ ಅವನ್ನೇ ನೆಚ್ಚಿದವರು ತಮ್ಮ ವ್ಯವಸ್ಥೆಯನ್ನು ಮತ್ತೆ ಕಟ್ಟಿಕೊಳ್ಳಬೇಕಾಯಿತು.

ಆಯ್ಕೆ ಹೇಗೆ?

ಮೊದಲ ಪ್ರಶ್ನೆ: ಈ ಸೌಲಭ್ಯ ಎಡಿಟರ್‌ನಲ್ಲೇ ಇಲ್ಲವೇ? ಹಿಂದೆ ಪ್ಲಗಿನ್‌ ಬೇಡುತ್ತಿದ್ದ ಹಲವು ಕೆಲಸಗಳು ಇಂದು ಮೂಲದಲ್ಲೇ ಸೇರಿವೆ. ಕೋಡ್‌ ಅನ್ನು ಅರ್ಥೈಸಿ ತಪ್ಪು ತೋರಿಸುವ, ಪದ ಪೂರ್ಣಗೊಳಿಸುವ ಭಾಷಾ ಸರ್ವರ್‌ಗಳೊಡನೆ ಎಡಿಟರ್‌ ಮಾತನಾಡುವ ನಿಯಮಾವಳಿಯನ್ನು ಮೈಕ್ರೋಸಾಫ್ಟ್‌ 2016ರಲ್ಲಿ ಮುಂದಿಟ್ಟಿತು. 2021ರ ಜುಲೈನಲ್ಲಿ ಬಂದ ನಿಯೋವಿಮ್‌ 0.5 ಆವೃತ್ತಿಯಲ್ಲೇ ಅದಕ್ಕೆ ಬೆಂಬಲ ಅಡಕವಾಯಿತು. ಸಾಲುಗಳನ್ನು ಟಿಪ್ಪಣಿಯಾಗಿಸುವ ಸೌಲಭ್ಯ 2024ರ ಮೇ ತಿಂಗಳ 0.10 ಆವೃತ್ತಿಯಲ್ಲಿ ಸೇರಿತು. ಅದಕ್ಕೆಂದು ಹಿಂದೆ ಹಾಕಿಕೊಂಡ ಪ್ಲಗಿನ್‌ ಅನ್ನು ಈಗ ಬಹಳಷ್ಟು ಮಂದಿ ನಿಶ್ಚಿಂತೆಯಿಂದ ತೆಗೆಯಬಹುದು.

ಎರಡನೆಯ ಪ್ರಶ್ನೆ: ಇದರ ಕೊರತೆ ನಿಜವಾಗಿ ಕಾಡಿದೆಯೇ? ಯಾರದೋ ಪರದೆಯ ಚಿತ್ರ ಚೆನ್ನಾಗಿ ಕಂಡಿತೆಂದು ಮೂವತ್ತು ಪ್ಲಗಿನ್‌ ಒಮ್ಮೆಗೇ ತುಂಬಿಕೊಳ್ಳುವುದಕ್ಕಿಂತ, ಒಂದೇ ಅಡಚಣೆ ಮತ್ತೆ ಮತ್ತೆ ಎದುರಾದಾಗ ಅದಕ್ಕೊಂದು ಪ್ಲಗಿನ್‌ ಹುಡುಕುವುದು ಲೇಸು. ಹೀಗೆ ಒಂದೊಂದಾಗಿ ಸೇರಿಸಿದರೆ ಯಾವುದರಿಂದ ಏನಾಯಿತು ಎಂಬುದೂ ತಿಳಿಯುತ್ತದೆ.

ಮೂರನೆಯದು: ಇದನ್ನು ನೋಡಿಕೊಳ್ಳುವವರು ಯಾರು? ಇತ್ತೀಚೆಗೆ ತಿದ್ದುಪಡಿ ನಡೆದಿದೆಯೇ, ದೂರುಗಳಿಗೆ ಉತ್ತರ ದೊರೆಯುತ್ತಿದೆಯೇ, ಒಬ್ಬರಿಗಿಂತ ಹೆಚ್ಚು ಮಂದಿ ಕೈಜೋಡಿಸಿದ್ದಾರೆಯೇ ಎಂದು ನೋಡಲು ಹತ್ತು ನಿಮಿಷ ಸಾಕು. ಆದರೆ ಚಿಕ್ಕದಾಗಿ, ಪೂರ್ಣಗೊಂಡಿರುವ ಪ್ಲಗಿನ್‌ಗೆ ವರ್ಷಗಳಿಂದ ತಿದ್ದುಪಡಿ ಇಲ್ಲದಿದ್ದರೂ ಅದು ದೋಷವಲ್ಲ ಎಂಬುದನ್ನು ಗಮನಿಸಬೇಕು.

ಅಚ್ಚುಕಟ್ಟು ಏಕೆ?

ವಿಮ್‌ ಬಳಸುವವರು ‘ವಿಮ್‌ಆರ್‌ಸಿ’ ಎಂಬ ಕಡತದಲ್ಲಿ, ನಿಯೋವಿಮ್‌ ಬಳಸುವವರು ಸಾಮಾನ್ಯವಾಗಿ ಲುವಾ ಭಾಷೆಯ ‘ಇನಿಟ್‌’ ಕಡತದಲ್ಲಿ ಸಂರಚನೆ ಬರೆಯುತ್ತಾರೆ. ನೂರು ಸಾಲಿನವರೆಗೆ ಒಂದೇ ಕಡತ ಸಾಕು. ಅನಗತ್ಯವಾಗಿ ಒಡೆಯುವುದೂ ಗೊಂದಲವೇ. ಬೆಳೆದ ಮೇಲೆ ಸಾಮಾನ್ಯ ಆಯ್ಕೆಗಳಿಗೆ ಒಂದು, ಕೀಲಿ ಜೋಡಣೆಗೆ ಒಂದು, ಪ್ರತಿ ಪ್ಲಗಿನ್‌ಗೆ ಒಂದೊಂದು ಎಂದು ಕಡತಗಳನ್ನು ವಿಂಗಡಿಸುವುದು ರೂಢಿ. ಪೈಥಾನ್‌ಗೆ ಮಾತ್ರ ಬೇಕಾದ ನಿಯಮವನ್ನು ‘ಎಫ್‌ಟಿಪ್ಲಗಿನ್‌’ ಕಡತಕೋಶದಲ್ಲಿ ಆ ಭಾಷೆಯ ಹೆಸರಿನ ಕಡತದಲ್ಲಿಟ್ಟರೆ ಪೈಥಾನ್‌ ಕಡತ ತೆರೆದಾಗ ಮಾತ್ರ ಅದು ಜಾರಿಗೆ ಬರುತ್ತದೆ. ಹೀಗೆ ವಿಂಗಡಿಸಿದವರಿಗೆ ಒಂದು ಪ್ಲಗಿನ್‌ ನಿಂತುಹೋದಾಗ ಮುಖ್ಯವಾಗಿ ತಿದ್ದಬೇಕಾದದ್ದು ಒಂದೇ ಕಡತವನ್ನು.

ಪ್ರತಿ ವಿಚಿತ್ರ ಸಾಲಿನ ಮೇಲೆ ಅದು ಏಕಿದೆ ಎಂಬ ಟಿಪ್ಪಣಿ ಬರೆಯುವುದು, ಇಡೀ ಕಡತಕೋಶವನ್ನು ಗಿಟ್‌ನಲ್ಲಿ ಕಾಯ್ದಿಡುವುದು ಇನ್ನೆರಡು ಒಳ್ಳೆಯ ಅಭ್ಯಾಸಗಳು. ಪ್ರತಿ ಪ್ಲಗಿನ್‌ನ ನಿಖರ ಆವೃತ್ತಿಯನ್ನು ದಾಖಲಿಸುವ ‘ಲಾಕ್‌’ ಕಡತವನ್ನು ಲೇಜಿ ನಿರ್ವಾಹಕ ತಾನೇ ಬರೆಯುತ್ತದೆ. ಅದನ್ನೂ ಗಿಟ್‌ಗೆ ಸೇರಿಸಿದರೆ, ಕೆಟ್ಟ ಬೆಳಿಗ್ಗೆ ನಿನ್ನೆಯ ಸ್ಥಿತಿಗೆ ಮರಳಲು ನಿಮಿಷಗಳು ಸಾಕು. ಹೊಸ ಕಂಪ್ಯೂಟರ್‌ ಬಂದಾಗಲೂ ಅದೇ ವ್ಯವಸ್ಥೆ ಮರಳಿ ನಿಲ್ಲುತ್ತದೆ.

ದೋಷ ಎಲ್ಲಿದೆಯೆಂದು ತಿಳಿಯದಿದ್ದಾಗ ‘ಕ್ಲೀನ್‌’ ಆಯ್ಕೆಯೊಂದಿಗೆ ಎಡಿಟರ್‌ ತೆರೆದರೆ ಬಳಕೆದಾರನ ಸಂರಚನೆ, ಪ್ಲಗಿನ್‌ಗಳು ಬದಿಗೆ ಸರಿಯುತ್ತವೆ. ಆಗ ದೋಷ ಕಾಣದಿದ್ದರೆ ಅರ್ಧದಷ್ಟು ಪ್ಲಗಿನ್‌ಗಳನ್ನು ನಿಲ್ಲಿಸಿ ನೋಡುವುದು, ಉಳಿದುದರಲ್ಲಿ ಮತ್ತೆ ಅರ್ಧ ನಿಲ್ಲಿಸುವುದು ಪರಿಣಾಮಕಾರಿ ಕ್ರಮ. ಮೂವತ್ತೆರಡು ಪ್ಲಗಿನ್‌ಗಳಿದ್ದರೂ ಐದು ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಕಾರಣ ಸಿಕ್ಕಿಬೀಳುತ್ತದೆ.

ಬ್ರಾಮ್‌ ಮೋಲೆನಾರ್‌ 2023ರ ಆಗಸ್ಟ್‌ 3ರಂದು ನಿಧನರಾದರು. ಆದರೂ ವಿಮ್‌ ನಿಲ್ಲಲಿಲ್ಲ. ವರ್ಷಗಳಿಂದ ಜೊತೆಗೂಡಿ ದುಡಿದಿದ್ದ ಕ್ರಿಶ್ಚಿಯನ್‌ ಬ್ರಬಾಂಟ್‌ ಮತ್ತು ಸಂಗಡಿಗರು ಹೊಣೆ ಹೊತ್ತರು. ಎಲ್ಲ ಪ್ಲಗಿನ್‌ಗಳಿಗೂ ಅಂತಹ ಬಳಗವಿರುವುದಿಲ್ಲ. ನಿತ್ಯದ ದುಡಿಮೆಯನ್ನು ಅವುಗಳ ಮೇಲೆ ನಿಲ್ಲಿಸುವ ಮುನ್ನ, ಇದು ನಾಳೆ ಇಲ್ಲವಾದರೆ ಕೆಲಸ ಸಾಗುವುದೇ ಎಂದು ಪ್ರೋಗ್ರಾಮರ್‌ ಒಮ್ಮೆ ಕೇಳಿಕೊಳ್ಳುವುದು ಒಳಿತು.