ಹೊಸ ಕೋಣೆಯೂ ಹಿತ್ತಿಲ ತೋಟವೂ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕಟ್ಟುವವರ ಕಷ್ಟವನ್ನೆಲ್ಲ ಅದು ಎರಡು ಮಾತಿನಲ್ಲಿ ಹೇಳಿ ಮುಗಿಸಿದೆ. ಆದರೆ ಕಟ್ಟಿ ಮುಗಿದ ಮೇಲೆ, ಮೇಸ್ತ್ರಿಯು ತನ್ನ ತೂಗುಗುಂಡು ಕರಣೆಗಳನ್ನು ಚೀಲಕ್ಕೆ ತುಂಬಿಕೊಂಡು, ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೊರಟುಹೋದ ಮೇಲೆ, ಮನೆಯವರು ಮಾಡತಕ್ಕದ್ದೇನು ಎಂಬ ವಿಷಯದಲ್ಲಿ ಗಾದೆಯು ಮೌನವನ್ನು ತಾಳಿದೆ. ಹೊಸ ಮನೆಗೆ ಹೋದವರು ಹಳೆಯದನ್ನು ಬಿಟ್ಟೇ ಹೋಗಿರುವುದರಿಂದ ಅವರಿಗೆ ಬೇರೆ ದಾರಿಯಿಲ್ಲ; ಹೊಸ ಗೋಡೆಗಳ ನಡುವೆಯೇ ಉಣ್ಣಬೇಕು, ಮಲಗಬೇಕು. ಇದ್ದ ಮನೆಗೇ ಒಂದು ಕೋಣೆಯನ್ನೋ ಪಡಸಾಲೆಯನ್ನೋ ಕೂಡಿಸಿಕೊಂಡವರ ಪಾಡು ಹಾಗಲ್ಲ. ಅವರಿಗೆ ಹಳೆಯದೂ ಉಂಟು, ಹೊಸದೂ ಉಂಟು. ಕಾಲು ಮಾತ್ರ ಹಳೆಯದರ ಕಡೆಗೇ ಎಳೆಯುತ್ತದೆ.

ಎಷ್ಟೋ ಮನೆಗಳಲ್ಲಿ ನಾನು ಕಂಡಿರುವುದಿದು. ಸಾಲ ಮಾಡಿ ಕಟ್ಟಿಸಿದ ಕೋಣೆಯಲ್ಲಿ ಹೊಸ ಕುರ್ಚಿಗಳನ್ನಿಟ್ಟು, ಅವುಗಳಿಗೆ ಬಟ್ಟೆ ಹೊದಿಸಿ, ಬಾಗಿಲು ಮುಚ್ಚಿ, “ಬಂದವರಿಗಿರಲಿ” ಎಂದು ಬಿಟ್ಟಿರುತ್ತಾರೆ. ಬರುವವರು ವರ್ಷಕ್ಕೆ ನಾಲ್ಕು ಸಲ. ಉಳಿದ ದಿನಗಳಲ್ಲಿ ಆರು ಜನರ ಸಂಸಾರವು ಎಂದಿನಂತೆ ನಡುಮನೆಯಲ್ಲಿಯೇ ಒಬ್ಬರ ಮಂಡಿ ಇನ್ನೊಬ್ಬರಿಗೆ ತಗುಲುವಂತೆ ಕುಳಿತು ಊಟ ಮಾಡುತ್ತಿರುತ್ತದೆ. ಇದನ್ನು ಮಿತವ್ಯಯವೆಂದು ಕರೆಯಲು ನನಗೆ ಮನಸ್ಸು ಬಾರದು.

ಮೈಸೂರಿನಲ್ಲಿರುವ ನಮ್ಮ ಮನೆಗೆ ಕೋಣೆಯೊಂದನ್ನು ಕೂಡಿಸಬೇಕಾಗಿ ಬಂದದ್ದು ವೈಭವಕ್ಕಾಗಿ ಅಲ್ಲ. ನಮ್ಮ ಅತ್ತೆಯವರು ಬಚ್ಚಲುಮನೆಯ ಹೊಸ್ತಿಲನ್ನೆಡವಿ ಬಿದ್ದು ತೊಡೆಯ ಮೂಳೆಯನ್ನು ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಗಿ, ಕೋಲೂರಿ ನಡೆಯುವಂತಾದರೂ ಮಹಡಿಯ ಮೆಟ್ಟಿಲನ್ನು ಹತ್ತುವುದು ಇನ್ನು ಆಗದ ಮಾತಾಯಿತು. ಆದಕಾರಣ ಅಡಿಗೆಮನೆಯ ಹಿಂದೆ, ಹಿತ್ತಿಲಿಗೆ ಸೇರಿದ ಜಾಗದಲ್ಲಿ, ಹನ್ನೆರಡಡಿ ಹದಿನೈದಡಿಯ ಒಂದು ಕೋಣೆಯನ್ನೂ ಅದರೊಳಗೇ ಒಂದು ಬಚ್ಚಲನ್ನೂ, ದಕ್ಷಿಣಕ್ಕೆ ಎಂಟಡಿ ಅಗಲದ ಒಂದು ಪಡಸಾಲೆಯನ್ನೂ ಕಟ್ಟಿಸಿದೆವು. ಕೋಣೆಗೆ ಹೊಸ್ತಿಲಿಲ್ಲ. ಬಚ್ಚಲಿನ ಗೋಡೆಗೆ ಕೈಹಿಡಿಯನ್ನು ಗಟ್ಟಿಯಾಗಿ ಕೂರಿಸಿದೆ. ಪಡಸಾಲೆಯಿಂದ ಅಂಗಳಕ್ಕೆ ಇಳಿಯಲು ಮೆಟ್ಟಿಲಿನ ಬದಲು ಇಳಿಜಾರನ್ನು ಮಾಡಿಸಿದೆ. ಇದರ ಲೆಕ್ಕವನ್ನು ಗೃಹಿಣಿಯರು ನೆನಪಿನಲ್ಲಿಡಬೇಕು: ಒಂದಂಗುಲ ಎತ್ತರಕ್ಕೆ ಒಂದಡಿ ಉದ್ದ. ನಮ್ಮ ಪಡಸಾಲೆಯು ನೆಲದಿಂದ ಒಂದಡಿ ಎತ್ತರದಲ್ಲಿದೆ. ಇಳಿಜಾರಿಗೆ ಹನ್ನೆರಡಡಿ ಬೇಕಾಯಿತು. ಜಾಗವನ್ನುಳಿಸಲು ಐದಡಿಯಲ್ಲಿ ಮುಗಿಸೋಣವೆಂದು ಮೇಸ್ತ್ರಿಯು ಹೇಳಿದ್ದುಂಟು. ಹಾಗೆ ಮಾಡಿದ್ದರೆ ಅದು ಮುದುಕರು ಇಳಿಯುವ ದಾರಿಯಾಗುತ್ತಿರಲಿಲ್ಲ, ಮಕ್ಕಳು ಜಾರುವ ಬಂಡೆಯಾಗುತ್ತಿತ್ತು.

ಸಂಕ್ರಾಂತಿಯ ಬಳಿಕ ಆರಂಭವಾದ ಕೆಲಸವು ರಾಮನವಮಿಯ ಹೊತ್ತಿಗೆ ಮುಗಿಯಿತು. ಕಾಂಕ್ರೀಟು ಹಾಕಿದ ಮೇಲೆ ಅದಕ್ಕೆ ನೀರು ಕುಡಿಸುವ ವಿಷಯದಲ್ಲಿ ಆತುರ ಸಲ್ಲದು. ಭಾರತೀಯ ಮಾನಕವು ಸಾಧಾರಣ ಸಿಮೆಂಟಿಗೆ ಕನಿಷ್ಠ ೭ ದಿನ, ಹಾರುಬೂದಿಯಂತಹ ಪದಾರ್ಥ ಬೆರೆತ ಸಿಮೆಂಟಿಗೆ ೧೦ ದಿನ ಒದ್ದೆಯಾಗಿಡಬೇಕೆಂದು ವಿಧಿಸುತ್ತದೆ; ಅದರ ಬಲವನ್ನು ಅಳೆಯುವುದು ೨೮ನೆಯ ದಿನ. ಆದರೆ ಬಲ ಬಂದ ಮಾತ್ರಕ್ಕೆ ಗೋಡೆ ಒಣಗಿತೆಂದಲ್ಲ. ಇಟ್ಟಿಗೆಯೂ ಗಾರೆಯೂ ಕುಡಿದ ನೀರು ಹೊರಗೆ ಬರಲು ತಿಂಗಳುಗಳೇ ಬೇಕು. ಆದುದರಿಂದ ಹೊಸ ಗೋಡೆಗೆ ಬೀರುವನ್ನು ಒತ್ತಿ ನಿಲ್ಲಿಸಕೂಡದು. ನಾಲ್ಕು ಬೆರಳು ಗಾಳಿಯಾಡಲು ಬಿಡಬೇಕು. ಹಾಸಿಗೆಯನ್ನೂ ಗೋಡೆಯಿಂದ ದೂರ ಹಾಕಬೇಕು. ಬಣ್ಣದ ವಾಸನೆ ಹೋಗುವವರೆಗೆ ಕಿಟಕಿಗಳನ್ನೆಲ್ಲ ತೆರೆದಿಡಬೇಕೆಂಬುದನ್ನು ನಾನು ಹೇಳಬೇಕಾದುದಿಲ್ಲ.

ಹಳೆಯ ಗೋಡೆಗೆ ಹೊಸ ಗೋಡೆ ಸೇರುವೆಡೆಯಲ್ಲಿ ಕೂದಲಿನಂತಹ ಬಿರುಕೊಂದು ಕಾಣಿಸಿಕೊಳ್ಳುವುದು ಸಾಮಾನ್ಯ. ನೋಡಿದವರ ಎದೆ ಧಸಕ್ಕೆನ್ನುತ್ತದೆ. ಹಳೆಯ ಪಾಯವು ಎಂದೋ ನೆಲದಲ್ಲಿ ಇಳಿದು ಕುಳಿತಿದೆ. ಹೊಸದು ಇನ್ನೂ ಕುಳಿತುಕೊಳ್ಳುತ್ತಿದೆ. ಅವೆರಡರ ನಡುವಿನ ಗೆರೆಯೇ ಈ ಬಿರುಕು. ಅದು ಅಗಲವಾಗುತ್ತ ಹೋದರೆ ಇಂಜಿನಿಯರನ್ನು ಕರೆಯಲೇಬೇಕು. ಕೂದಲೆಳೆಯಷ್ಟೇ ಇದ್ದರೆ ಒಂದು ಮಳೆಗಾಲ ಕಳೆಯಗೊಟ್ಟು ಆಮೇಲೆ ಮೆತ್ತಿಸುವುದು ಲೇಸು. ಅದರ ಎರಡು ಕೊನೆಗಳಲ್ಲಿ ಸೀಸದ ಕಡ್ಡಿಯಿಂದ ಗುರುತು ಹಾಕಿ ತಾರೀಖು ಬರೆದಿಟ್ಟರೆ, ಅದು ಬೆಳೆಯಿತೋ ಇಲ್ಲವೋ ಎಂಬ ಚರ್ಚೆ ಮನೆಯಲ್ಲಿ ಏಳುವುದಿಲ್ಲ.

ಇಷ್ಟೆಲ್ಲ ಆಗಿ, ಒಳ್ಳೆಯ ದಿನ ನೋಡಿ ಅತ್ತೆಯವರನ್ನು ಹೊಸ ಕೋಣೆಗೆ ಕರೆತಂದೆವು. ಗಾಳಿ ಬೆಳಕು ಯಥೇಷ್ಟವಾಗಿತ್ತು; ಮಂಚ ಹೊಸದು; ಗೋಡೆ ಬೆಣ್ಣೆಯ ಬಣ್ಣ. ಎಂಟು ದಿನ ಕಳೆಯುವಷ್ಟರಲ್ಲಿ ಅವರು ಕೋಲೂರಿಕೊಂಡು ನಡುಮನೆಗೆ ಬಂದು ಕಂಬಕ್ಕೊರಗಿ ಕುಳಿತರು. ಕಾರಣವನ್ನು ಕೇಳಿದಾಗ, “ಅಲ್ಲಿ ನನಗೇನು ಕೆಲಸವಮ್ಮ? ಒಗ್ಗರಣೆಯ ಸದ್ದು ಕೂಡ ಕೇಳುವುದಿಲ್ಲ. ಛತ್ರದಲ್ಲಿ ಇಳಿಸಿದ ಹಾಗಾಗಿದೆ” ಎಂದರು. ಒಗ್ಗರಣೆಯ ಹೊಗೆ ಹೊಸ ಬಣ್ಣಕ್ಕೆ ಹತ್ತದಿರಲೆಂದು ಬಣ್ಣದವನು ಹೇಳಿಹೋದಂತೆ ಅಡಿಗೆಮನೆಯ ಬಾಗಿಲನ್ನು ಮುಚ್ಚಿಡುವ ಪದ್ಧತಿಯಾಗಿತ್ತು. ಬಣ್ಣವೇನೋ ಬೆಳ್ಳಗೇ ಉಳಿದಿತ್ತು.

ಮನೆಯ ಹಿರಿಯರಿಗೆಂದು ಕಟ್ಟಿದ ಕೋಣೆಯು ಅವರನ್ನು ಮನೆಯಿಂದ ಹೊರಗಿಡುವ ಕೋಣೆಯಾಗಲು ಎಷ್ಟು ಅಲ್ಪ ಕಾರಣ ಸಾಕೆಂಬುದು ಅಂದು ನಮ್ಮೆಲ್ಲರಿಗೂ ಮನದಟ್ಟಾಯಿತು. ಮರುದಿನವೇ ಬಾಗಿಲು ತೆರೆಯಿತು. ಈಳಿಗೆಮಣೆ, ತರಕಾರಿಯ ಬುಟ್ಟಿ, ಅಕ್ಕಿ ಆರಿಸುವ ಮೊರ, ಇವು ಪಡಸಾಲೆಗೆ ಬಂದವು. ಹುಡುಗರ ಪಾಠ ಸಂಜೆ ಅಲ್ಲಿಯೇ ಆಗಬೇಕೆಂದು ಗೊತ್ತಾಯಿತು. ಬೆಳಗಿನ ಪತ್ರಿಕೆಯನ್ನೂ ಅಲ್ಲಿಯೇ ಓದತಕ್ಕದ್ದೆಂದು ಮನೆಯ ಗಂಡಸರಿಗೆ ತಿಳಿಸಿದ್ದಾಯಿತು. ಅತ್ತೆಯವರನ್ನು ಹೊಸ ಕೋಣೆಗೆ ಒಪ್ಪಿಸುವುದಕ್ಕಿಂತ ಮನೆಯ ಕೆಲಸವನ್ನು ಅವರ ಬಳಿಗೆ ಒಯ್ಯುವುದು ಸುಲಭವಾಯಿತು. ಈಗ ಅವರೆಕಾಯಿಯನ್ನು ಸುಲಿಯುವಾಗ ಯಾರು ಎಷ್ಟು ಸುಲಿದರೆಂಬ ಲೆಕ್ಕವೂ ಅವರದೇ.

ಪಡಸಾಲೆಯು ದಕ್ಷಿಣಕ್ಕಿರುವುದು ಅದೃಷ್ಟವೆನ್ನಬೇಕು. ಮೈಸೂರು ಹನ್ನೆರಡು ಡಿಗ್ರಿಗೆ ತುಸು ಮೇಲಿನ ಅಕ್ಷಾಂಶದಲ್ಲಿರುವುದರಿಂದ, ಏಪ್ರಿಲ್ ತಿಂಗಳ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯನು ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಆದಕಾರಣ ಆ ಕಾಲದ ಮಧ್ಯಾಹ್ನದಲ್ಲಿ ದಕ್ಷಿಣದ ಪಡಸಾಲೆಯು ನೆರಳಾಗಿಯೇ ಇರುತ್ತದೆ. ಮಾರ್ಗಶಿರ ಪುಷ್ಯಗಳಲ್ಲಿ ಅವನು ದಕ್ಷಿಣಕ್ಕೆ ಬಾಗಿ ಬಂದು, ಚಳಿಯಲ್ಲಿ ಕುಳಿತವರ ಕಾಲಿಗೆ ಬಿಸಿಲು ಕೊಡುತ್ತಾನೆ. ಪಶ್ಚಿಮದ ಗೋಡೆಗೆ ಮಾತ್ರ ಈ ದಾಕ್ಷಿಣ್ಯವಿಲ್ಲ. ಅಲ್ಲಿ ಸಜ್ಜವೂ ಸಾಲದು, ಗಿಡಗಳೇ ಬೇಕು.

ಆ ಗಿಡಗಳನ್ನು ನೆಡಲು ಹೋದಾಗ ಹಿತ್ತಿಲು ಇನ್ನೊಂದು ಕಥೆಯನ್ನೇ ಹೇಳಿತು. ಕೆಲಸದವರು ಮರಳು, ಜಲ್ಲಿ, ಇಟ್ಟಿಗೆಗಳನ್ನು ರಾಶಿ ಹಾಕಿ ಮೂರು ತಿಂಗಳು ತುಳಿದ ನೆಲವದು. ಗುದ್ದಲಿ ಹಾಕಿದರೆ ಠಣ್ಣೆನ್ನುತ್ತಿತ್ತು. ಅಗೆದಷ್ಟೂ ಗಾರೆಯ ಗಟ್ಟಿ, ಮೊಳೆ, ಹರಿದ ಸಿಮೆಂಟು ಚೀಲ, ಒಂದು ಚಪ್ಪಲಿ. ಕಟ್ಟಡದ ಕಸವನ್ನು ಸಾಗಿಸಲು ಹಣ ತೆಗೆದುಕೊಂಡವರು ಅರ್ಧವನ್ನು ಹಿತ್ತಿಲಿನಲ್ಲಿಯೇ ಹೂಳಿ ಮೇಲೆ ಮಣ್ಣೆಳೆದು ಹೋಗುವುದು ಅಪರೂಪವಲ್ಲ. ಲೆಕ್ಕ ಚುಕ್ತಾ ಮಾಡುವ ಮೊದಲು ನಾಲ್ಕು ಕಡೆ ಹಾರೆ ಹಾಕಿ ನೋಡುವುದು ಉತ್ತಮ. ಈ ಕಸದಿಂದ ಇನ್ನೊಂದು ಅನರ್ಥವುಂಟು. ಸುಣ್ಣ ಸಿಮೆಂಟುಗಳ ನೀರು ಇಂಗಿದ ಮಣ್ಣು ಕ್ಷಾರವಾಗುತ್ತದೆ. ಅಂತಹ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಗಿಡಕ್ಕೆ ಅದು ದಕ್ಕುವುದಿಲ್ಲ. ಎಳೆಯ ಎಲೆಗಳಲ್ಲಿ ನರಗಳು ಹಸುರಾಗಿದ್ದು ನಡುವಣ ಭಾಗ ಹಳದಿಯಾಗುವುದು ಇದರ ಕುರುಹು. ನೀರು ಸಾಲದೆಂದು ಬಗೆದು ಜನರು ಮತ್ತಷ್ಟು ನೀರು ಹೊಯ್ಯುತ್ತಾರೆ. ಪಾಪ, ಗಿಡವು ಇನ್ನೂ ಸೊರಗುತ್ತದೆ.

ನಮ್ಮ ಹಿತ್ತಿಲಿಗೆ ಔಷಧಿಯನ್ನು ಸೂಚಿಸಿದವರು ಅತ್ತೆಯವರೇ. ಅವರ ತವರು ಚಾಮರಾಜನಗರದ ಕಡೆಯ ಹಳ್ಳಿ. ಒಂದೂವರೆ ಅಡಿ ಆಳಕ್ಕೆ ಅಗೆಸಿ, ಕಸವನ್ನಾರಿಸಿ, ಕೊಟ್ಟಿಗೆಗೊಬ್ಬರವನ್ನು ಬೆರೆಸಿ, ಮೊದಲ ಮಳೆಗೆ ಹುರುಳಿಯನ್ನು ಚೆಲ್ಲಿಸಿದರು. “ಹೂವಿನ ಗಿಡ ಈಗಲೇ ಬೇಡ. ನೆಲ ಬಾಣಂತಿಯ ಹಾಗಿದೆ, ಆರೈಕೆಯಾಗಲಿ” ಎಂದರು. ಹುರುಳಿಯ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆಂದು ವಿಜ್ಞಾನವು ಹೇಳುತ್ತದೆ. ಹೂ ಬಿಡುವ ಹೊತ್ತಿಗೆ ಅದನ್ನು ಮಣ್ಣಿಗೇ ಮಗುಚಿದರೆ ಒಳ್ಳೆಯ ಹಸುರುಗೊಬ್ಬರ. ನೆರೆಮನೆಯವರು ಬೇಲಿಯ ಮೇಲಿಂದ ನೋಡಿ, “ಹೊಸ ಮನೆಯ ಹಿಂದೆ ಹುರುಳಿಹೊಲವೇ?” ಎಂದು ನಕ್ಕದ್ದೂ ಉಂಟು.

ಹಿತ್ತಿಲನ್ನು ತಿಂದು ಮನೆಯನ್ನು ಬೆಳೆಸುವಾಗ ಒಂದು ಮಾತನ್ನು ಮರೆಯಬಾರದು. ೧೮೯೮ರಲ್ಲಿ ಬೆಂಗಳೂರನ್ನು ಪ್ಲೇಗು ಮುತ್ತಿದ ತರುವಾಯ ಬಸವನಗುಡಿ ಮಲ್ಲೇಶ್ವರಗಳು ಬೆಳೆದವು. ಮೈಸೂರಿನಲ್ಲಿ ೧೯೦೩ರಲ್ಲಿ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡು ಏರ್ಪಟ್ಟಿತು. ಊರಿಗೆ ಹೀಗೆ ಕೂಡಿಸಿದ ಬಡಾವಣೆಗಳನ್ನು ಹಳಬರು ‘ಎಕ್ಸ್‌ಟೆನ್ಷನ್’ ಎಂದೇ ಕರೆಯುತ್ತಿದ್ದರು. ಅಲ್ಲಿ ಮನೆಯ ಹಿಂದುಮುಂದೆ ಬಿಟ್ಟ ನೆಲವು ಗಾಳಿ ಬೆಳಕಿಗಾಗಿ, ಎಂದರೆ ಜೀವ ಉಳಿಯುವುದಕ್ಕಾಗಿ ಬಿಟ್ಟ ನೆಲ. ಇಂದು ಅದನ್ನು ಅಂಗುಲವೂ ಬಿಡದೆ ಸಿಮೆಂಟಿನಿಂದ ಮುಚ್ಚಿ, ಮೂಲೆಯಲ್ಲಿ ನಾಲ್ಕು ಕುಂಡಗಳನ್ನಿಟ್ಟು, ಅದಕ್ಕೆ ತೋಟವೆಂದು ಹೆಸರಿಡುತ್ತಾರೆ. ಬಿದ್ದ ಮಳೆಯ ನೀರು ಇಂಗಲೆಡೆಯಿಲ್ಲದೆ ಬೀದಿಗೆ ಓಡುತ್ತದೆ. ಕೂಡಿಸಿದ ಸೂರಿನ ನೀರನ್ನಾದರೂ ಹಿಡಿಯಬಾರದೆ? ನಮ್ಮ ಕೋಣೆ ಪಡಸಾಲೆಗಳ ಮಾಡು ಸುಮಾರು ೨೮ ಚದರ ಮೀಟರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ಮೈಸೂರಿನ ಮಳೆ ವರ್ಷಕ್ಕೆ ಸುಮಾರು ೮೦೦ ಮಿಲಿಮೀಟರು. ಗುಣಿಸಿದರೆ ೨೨,೦೦೦ ಲೀಟರಿಗೂ ಮೇಲಾಯಿತು. ಆರಿಹೋದುದನ್ನೂ ಚೆಲ್ಲಿಹೋದುದನ್ನೂ ಕಳೆದರೂ ಸಣ್ಣ ತೋಟಕ್ಕೆ ಅಲ್ಪವಲ್ಲ. ನಾವು ದೋಣಿಯ ನೀರನ್ನು ಒಂದು ಪೀಪಾಯಿಗೆ ಬಿಟ್ಟು, ಅದು ತುಂಬಿ ಮಿಕ್ಕುದನ್ನು ಹಳೆಯ ಬಾವಿಯ ಬಳಿಯ ಇಂಗುಗುಂಡಿಗೆ ಬಿಟ್ಟಿದ್ದೇವೆ.

ಏನನ್ನು ನೆಡಬೇಕೆಂಬ ವಿಷಯದಲ್ಲಿ ಮನೆಯಲ್ಲಿ ಎರಡು ಪಕ್ಷಗಳಾದವು. ಹುಡುಗರಿಗೆ ಹುಲ್ಲುಹಾಸು ಬೇಕು. ಅತ್ತೆಯವರಿಗೆ ಕರಿಬೇವು, ಬಸಳೆ, ದೊಡ್ಡಪತ್ರೆ, ಒಂದೆಲಗ ಬೇಕು. ಹುಲ್ಲುಹಾಸು ಚೆಲುವಾದದ್ದು ನಿಜ. ಆದರೆ ಬೇಸಗೆಯಲ್ಲಿ ಅದು ಕುಡಿಯುವ ನೀರನ್ನು ನೆನೆದು ನಾನು ಅತ್ತೆಯವರ ಪಕ್ಷವನ್ನೇ ಸೇರಿದೆನು. ಹೂವಿಗೆ ಮಾತ್ರ ನಾನೊಂದು ಕ್ರಮವನ್ನು ಹಿಡಿದೆ. ೧೯೦೮ರಲ್ಲಿ ಬೆಂಗಳೂರಿಗೆ ಬಂದು ೧೯೩೨ರವರೆಗೆ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನಿಯ ಕ್ರುಂಬಿಗಲ್ ಅವರು, ಒಂದು ಜಾತಿಯ ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೀದಿಯ ಮರಗಳನ್ನು ಆರಿಸಬೇಕೆಂದು ಯೋಚಿಸಿದ್ದರು. ಊರಿಗೆ ಸಲ್ಲುವುದು ಹಿತ್ತಿಲಿಗೆ ಸಲ್ಲದೆ? ಬೇಸಗೆಗೆ ಮಲ್ಲಿಗೆ, ಮಳೆಯ ಕೊನೆಗೆ ಪಾರಿಜಾತ, ಚಳಿಗೆ ಸೇವಂತಿಗೆ, ವರ್ಷದ ಉಳಿದ ದಿನಗಳಿಗೆ ದಾಸವಾಳ, ನಂದಿಬಟ್ಟಲು, ಕನಕಾಂಬರ. ಪಶ್ಚಿಮದ ಗೋಡೆಯ ಕಡೆಗೆ ಪರಂಗಿಯನ್ನೂ, ಬಚ್ಚಲ ನೀರು ಹರಿಯುವೆಡೆ ಬಾಳೆಯನ್ನೂ ನೆಟ್ಟೆವು. ಅತ್ತಿ ಅರಳಿಗಳ ಸಸಿ ಗೋಡೆಯ ಹತ್ತಿರ ತಾನಾಗಿ ಹುಟ್ಟಿದರೂ ಕಿತ್ತುಬಿಡಬೇಕು. ಅವುಗಳ ಬೇರು ಪಾಯವನ್ನು ಬಿಡುವುದಿಲ್ಲ.

ಹಾಸಿಗೆಯಿಂದ ಗಿಡ ಕಾಣುವುದರಿಂದ ರೋಗಿಗೆ ಹಿತವೆಂಬುದು ಬರಿಯ ಕವಿಕಲ್ಪನೆಯಲ್ಲ. ಅಮೆರಿಕದ ರೋಜರ್ ಅಲ್ರಿಚ್ ಎಂಬ ವಿದ್ವಾಂಸರು ಪೆನ್ಸಿಲ್ವೇನಿಯದ ಒಂದು ಆಸ್ಪತ್ರೆಯ ದಾಖಲೆಗಳನ್ನು ಪರಿಶೀಲಿಸಿ ೧೯೮೪ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರಲ್ಲಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆಯ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರೆಂದೂ, ತೀಕ್ಷ್ಣವಾದ ನೋವಿನ ಔಷಧಿಯನ್ನು ಅವರು ಕಡಿಮೆ ಬಳಸಿದರೆಂದೂ ಅದರಲ್ಲಿದೆ. ಪರೀಕ್ಷಿಸಿದ ಜೋಡಿಗಳು ೨೩ ಮಾತ್ರ. ಅದರ ಮೇಲೆ ಬಹಳ ಭಾರವನ್ನು ಹೊರಿಸಬೇಕಾಗಿಲ್ಲ. ನಮ್ಮ ಅತ್ತೆಯವರಂತೂ ಕಿಟಕಿಯಿಂದ ನೋಡುವುದಕ್ಕೆ ತೃಪ್ತರಾಗುವವರಲ್ಲ. ಶ್ರಾವಣದಲ್ಲಿ ಸಸಿ ನೆಟ್ಟಂದಿನಿಂದ ದಿನಕ್ಕೆರಡು ಸಲ ಇಳಿಜಾರಿನಲ್ಲಿ ಕೈಹಿಡಿ ಹಿಡಿದು ಇಳಿದು, ಬಸಳೆಯ ಕುಡಿ ಎಷ್ಟು ಬಂದಿದೆಯೆಂದು ನೋಡಿ ಬರುತ್ತಾರೆ. ಹೆಜ್ಜೆ ಎಣಿಸಿಕೊಂಡು ನಡೆಯಿರೆಂದು ವೈದ್ಯರು ಹೇಳಿದಾಗ ಅವರು ಕಿವಿಗೊಟ್ಟಿರಲಿಲ್ಲ.

ಕಾರ್ತಿಕ ಬಂದಿದೆ. ಮಳೆ ನಿಂತಿತು, ಬಿರುಕು ಗುರುತನ್ನು ದಾಟಿಲ್ಲ, ಮೆತ್ತಿ ಬಣ್ಣ ಹೊಡೆಯಲು ಮೇಸ್ತ್ರಿಗೆ ಹೇಳಿಕಳುಹಿಸಿದ್ದಾಗಿದೆ. ಅವನು ಬಂದು ನೋಡಿದರೆ, ಗೋಡೆಯಿಂದ ಒಂದಡಿ ಬಿಟ್ಟು ಕಟ್ಟಿದ ಬಿದಿರಿನ ಚಪ್ಪರವು ಬಸಳೆಯಿಂದ ತುಂಬಿ ಆ ಬಿರುಕಿಗೆ ಅಡ್ಡವಾಗಿ ನಿಂತಿದೆ. ಬಳ್ಳಿಯನ್ನು ಸರಿಸದೆ ಏಣಿಯಿಡಲು ಜಾಗವಿಲ್ಲವೆಂದು ಅವನು ಹೇಳಿದನು. ಬಳ್ಳಿ ಮುಗಿಯುವವರೆಗೆ ಬಿರುಕು ಕಾಯಲಿ ಎಂದು ಅತ್ತೆಯವರು ಅವನಿಗೆ ಒಂದು ಕಟ್ಟು ಸೊಪ್ಪನ್ನು ಕೊಟ್ಟು ಕಳುಹಿಸಿದರು.