ಬೇವಿನ ಮರದ ಜೋಲಿ

ಕರು ಹುಟ್ಟಿದ ಗಂಟೆಯೊಳಗೆ ಗಿಣ್ಣುಹಾಲು ಕುಡಿಸ್ತೀವಿ. ಕೂಸಿಗೆ ಮಾತ್ರ ತಾಯಿಯ ಮೊದಲ ಹಳದಿ ಹಾಲು ಹಿಂಡಿ ಚೆಲ್ಲುವ ರೂಢಿ ಹಳ್ಳಿಗಳಲ್ಲಿತ್ತು. ನಮ್ಮ ಸೊಸೆ ಚೆಲ್ಲಲು ಬಿಡಲಿಲ್ಲ.

ಮೊಮ್ಮಗಳಿಗೀಗ ಐದು ತಿಂಗಳು. ಶೇಂಗಾದಲ್ಲಿ ಕಳೆ ಎದ್ದಿದೆ, ಆಳು ಸಿಗೋದಿಲ್ಲ. ಡಬ್ಬಿ ಹಾಲು ಹಾಕಿ, ಮನೇಲಿ ಬಿಟ್ಟು ಬಾ ಅಂದವರಿದ್ದಾರೆ. ಸೊಸೆ ಒಪ್ಪದೆ ಬದುವಿನ ಬೇವಿನ ಮರಕ್ಕೆ ಹಳೇ ಸೀರೆಯ ಜೋಲಿ ಕಟ್ಟಿದಳು. ಎರಡು ಸಾಲು ಕಿತ್ತು ಬಂದು ಹಾಲೂಡಿಸುತ್ತಾಳೆ. ಬಳೆ ಸದ್ದಾದರೆ ಸಾಕು, ಕೂಸು ಒಳಗಿಂದಲೇ ಕಾಲು ಝಾಡಿಸಿ ನಗುತ್ತದೆ. “ಮಾವ, ನನ್ನ ಗುರುತು ಹಿಡಿದ್ಲು ನೋಡ್ರಿ” ಅಂತ ದಿನಾ ಹೊಸದಾಗಿ ಹೇಳುತ್ತಾಳೆ. ಅವಳ ಸಾಲು ಹಿಂದೆ ಬಿದ್ದರೆ ನಾನೇ ಹಿಡೀತೀನಿ. ಕಳೆ ಒಂದು ದಿನ ತಡೆದೀತು, ಹಸಿದ ಕೂಸು ತಡೆಯೋದಿಲ್ಲ.

ಆರು ತಿಂಗಳು ತುಂಬೋವರೆಗೆ ಎದೆಹಾಲೇ, ನೀರೂ ಬೇಡ. ಆಮೇಲೆ ರಾಗಿ ಸರಿ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಹೋದ ವರ್ಷದ ರಾಗಿ ನಾಲ್ಕು ಸೇರು ಅದಕ್ಕೇ ಎತ್ತಿಟ್ಟಿದ್ದೇವೆ.