ಕೀಲಿಮಣೆಯ ಮೇಲೆ ಯಾರ ಬೆರಳು?

ಕುಂತೂರಿನ ಕೂಲಿ ಕುಟುಂಬದ ಹುಡುಗಿಯೊಬ್ಬಳು ಮುದುಡಿದ ಕಾಗದವೊಂದನ್ನು ಹಿಡಿದು ನಮ್ಮ ಬಳಿಗೆ ಬಂದಿದ್ದಳು. ವಿದ್ಯಾರ್ಥಿವೇತನದ ಅರ್ಜಿಯನ್ನು ಹಣ ಕೊಟ್ಟು ಅಂಗಡಿಯೊಂದರಲ್ಲಿ ತುಂಬಿಸಿದ್ದಳು. ಆದಾಯ ಪ್ರಮಾಣಪತ್ರದ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಾಗಿತ್ತು. ಅದು ತಿಳಿಯುವ ಹೊತ್ತಿಗೆ ಕೊನೆಯ ದಿನಾಂಕ ಕಳೆದುಹೋಗಿತ್ತು. “ನಾನೇ ತುಂಬಿದ್ದರೆ ಎರಡು ಸಲ ನೋಡುತ್ತಿದ್ದೆ ಫಾದರ್; ಆದರೆ ಅದನ್ನು ಮುಟ್ಟುವುದಕ್ಕೇ ನನಗೆ ಬರುವುದಿಲ್ಲ” ಎಂದಳು.

ಆ ಮಾತು ನಮ್ಮನ್ನು ನಾಚಿಸಿತು. ನಮ್ಮ ಕಚೇರಿಯಲ್ಲಿಯೂ ಗಣಕಯಂತ್ರವಿದೆ. ಪತ್ರವೊಂದು ಬೆರಳಚ್ಚಾಗಬೇಕಾದರೆ ನಾವು ಕರೆಯುವುದು ಹುಡುಗರನ್ನು; ಹುಡುಗಿಯರನ್ನು ಕರೆಯುವುದು ಪೀಠಕ್ಕೆ ಹೂವು ಜೋಡಿಸಲು.

ಇದು ಒಂದು ಊರಿನ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದಲ್ಲಿ ಒಮ್ಮೆಯಾದರೂ ಅಂತರ್ಜಾಲ ಬಳಸಿದ್ದವರು ನೂರು ಪುರುಷರಲ್ಲಿ 57 ಮಂದಿ, ನೂರು ಮಹಿಳೆಯರಲ್ಲಿ ಕೇವಲ 33 ಮಂದಿ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠವು ಮೊಬೈಲಿಗೆ ಬಂದಾಗ, ಮನೆಯ ಒಂದೇ ಮೊಬೈಲು ಯಾರ ಕೈಸೇರಿತೆಂಬುದನ್ನು ಪ್ರತಿಯೊಬ್ಬ ತಾಯಿಯೂ ಬಲ್ಲಳು.

ಇದಕ್ಕೆ ಬೇರೊಂದು ದಾರಿಯೂ ಉಂಟೆಂಬುದನ್ನು ನೆರೆಯ ಮೈಸೂರು ಜಿಲ್ಲೆ ತೋರಿಸಿದೆ. 2000ರ ದಶಕದ ಉತ್ತರಾರ್ಧದಲ್ಲಿ ಐಟಿ ಫಾರ್ ಚೇಂಜ್ ಸಂಸ್ಥೆಯು ಮಹಿಳಾ ಸಮಾಖ್ಯಾ ಕರ್ನಾಟಕದೊಡನೆ ‘ಮಾಹಿತಿ ಮಂಥನ’ ಯೋಜನೆಯನ್ನು ಕೈಗೊಂಡಿತು. ದಲಿತ ಮಹಿಳೆಯರೇ ಹೆಚ್ಚಾಗಿದ್ದ ಸಂಘಗಳ ದನಿ ‘ಕೇಳು ಸಖಿ’ ಬಾನುಲಿ ಕಾರ್ಯಕ್ರಮದಲ್ಲಿ ಕೇಳಿಬಂತು. ಹಳ್ಳಿಯ ಮಾಹಿತಿ ಕೇಂದ್ರಗಳನ್ನು ಊರಿನ ಯುವತಿಯರೇ ನಡೆಸಿದರು. ಮುಂದೆ ಕಿಶೋರಿಯರು ಕ್ಯಾಮೆರಾ ಮತ್ತು ಗಣಕಯಂತ್ರಗಳನ್ನು ಕಲಿತು ತಮ್ಮ ಬದುಕಿನ ಕಥೆಗಳನ್ನು ತಾವೇ ಹೇಳತೊಡಗಿದರು.

ಕುಶಲತೆಯೆಂದರೆ ವಿವೇಕದಿಂದ ಕೂಡಿದ ನಿರ್ಮಾಣಶಕ್ತಿ ಎಂದು ಅರಿಸ್ಟಾಟಲ್ ತಿಳಿದಿದ್ದನು. ಆದುದರಿಂದ ಗುಂಡಿ ಒತ್ತುವುದನ್ನು ಕಲಿಸಿದ ಮಾತ್ರಕ್ಕೆ ವಿದ್ಯೆಯಾಗದು. ಏನನ್ನು, ಏತಕ್ಕೆ ಮಾಡುತ್ತಿದ್ದೇನೆಂಬುದನ್ನು ಅರಿತು ಮಾಡುವವಳೇ ಕಲಿತವಳು.

“ಮೊಬೈಲು ಕೊಟ್ಟರೆ ಮಗಳು ಕೆಡುತ್ತಾಳೆ” ಎಂಬ ಅಂಜಿಕೆ ಅನೇಕ ತಂದೆತಾಯಿಯರಲ್ಲಿದೆ. ಅಪಾಯವಿಲ್ಲವೆಂದು ನಾವು ಹೇಳಲಾರೆವು. ಆದರೆ ಆ ಅಪಾಯ ಮಗನಿಗೂ ಇದೆ. ಅವನ ಕೈಯಿಂದ ನಾವದನ್ನು ಕಸಿದಿಲ್ಲ. ಬಾವಿಗೆ ಅಂಜಿ ಮಗುವನ್ನು ಸದಾ ಕಟ್ಟಿಹಾಕಲಾಗದು, ಈಜು ಕಲಿಸಬೇಕು. ಅಪರಿಚಿತರಿಗೆ ಓಟಿಪಿ ಹೇಳಬಾರದು, ಚಿತ್ರ ಕಳುಹಿಸಬಾರದು, ಯಾರಾದರೂ ಬೆದರಿಸಿದರೆ ಮುಚ್ಚಿಡದೆ ಮನೆಯಲ್ಲಿ ತಿಳಿಸಬೇಕು ಎಂಬುದೂ ಆ ಈಜಿನ ಪಾಠವೇ.

ಪ್ರಿಯ ತಂದೆತಾಯಿಯರೇ, ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಹೋದಮೇಲೆ ಮೊಬೈಲನ್ನು ಮಗಳ ಕೈಗಿಡಿ. ಹೊಲವಿದ್ದರೆ ಅದರ ಪಹಣಿಯನ್ನು ಅವಳೇ ಹುಡುಕಿ ಓದಿ ಹೇಳಲಿ. ಇಲ್ಲದವರ ಮನೆಯಲ್ಲಿ ವಿದ್ಯಾರ್ಥಿವೇತನದ ಅರ್ಜಿಯನ್ನು ಅವಳೇ ತುಂಬಲಿ. ತಪ್ಪಿದರೆ ಗದರಬೇಡಿ, ಪಕ್ಕದಲ್ಲಿ ಕುಳಿತಿರಿ. ನಮ್ಮ ಕಚೇರಿಯ ಗಣಕಯಂತ್ರವೂ ಇನ್ನು ಮುಂದೆ ಶನಿವಾರ ಸಂಜೆ ಹೆಣ್ಣುಮಕ್ಕಳಿಗಾಗಿ ತೆರೆದಿರುತ್ತದೆ. ಅಂದು ಕಾಗದ ಹಿಡಿದು ಬಂದವಳೇ ಅದರ ಮುಂದೆ ಮೊದಲು ಕೂರುವಳು.